ಬಿಂಗ್‌ನಲ್ಲಿ ಮೊದಲ ಜಾಹೀರಾತು: ದುಡ್ಡು ಸೋರದಂತೆ ಶುರು ಮಾಡುವುದು ಹೇಗೆ?

ಸರ್ಚ್ ಜಾಹೀರಾತು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಗೂಗಲ್. ತಪ್ಪೇನಿಲ್ಲ. ನಮ್ಮ ದೇಶದಲ್ಲಿ ಬಹುತೇಕರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಅದರಲ್ಲಿ ಏನು ಹುಡುಕಿದರೂ ಹೋಗುವುದು ಗೂಗಲ್‌ಗೇ. ಆದರೆ ಒಂದು ಕಡೆ ಮಾತ್ರ ಲೆಕ್ಕ ಬೇರೆ. ಅದು ಆಫೀಸಿನ ಕಂಪ್ಯೂಟರ್. ಕಂಪನಿ ಕೊಟ್ಟ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎಡ್ಜ್ ಬ್ರೌಸರ್ ಇರುತ್ತದೆ. ಎಡ್ಜ್ ತೆರೆದರೆ ಹುಡುಕಾಟ ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ಗೆ ಹೋಗುತ್ತದೆ. ಬೇರೆ ಬ್ರೌಸರ್ ಹಾಕಿಕೊಳ್ಳಲು ಐಟಿಯವರು ಬಿಡದ ಕಂಪನಿಗಳೂ ಇವೆ. ಪರ್ಚೇಸ್ ಡಿಪಾರ್ಟ್‌ಮೆಂಟಿನಲ್ಲಿ ಕೂತವರು ಹೊಸ ಸಪ್ಲೈಯರ್ ಬೇಕಾದಾಗ ಕಣ್ಣೆದುರಿಗಿರುವ ಪೆಟ್ಟಿಗೆಯಲ್ಲಿ ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಅದು ಯಾವ ಸರ್ಚ್ ಎಂಜಿನ್ ಅಂತ ಅವರಿಗೇನು ಚಿಂತೆ?

ಹಾಗಾಗಿ ಬಿಂಗ್ ಜಾಹೀರಾತನ್ನು ಅಗ್ಗದ ಗೂಗಲ್ ಅಂದುಕೊಂಡು ಹೋಗಬೇಡಿ. ಅಲ್ಲಿ ಹುಡುಕುವವರು ಕಡಿಮೆ. ಆದರೆ ಅವರು ಯಾರು, ಎಲ್ಲಿ ಕೂತಿದ್ದಾರೆ ಅನ್ನುವುದು ಒಂದು ಮಟ್ಟಿಗೆ ಗೊತ್ತಾಗುತ್ತದೆ. ನಿಮ್ಮ ಗಿರಾಕಿ ಆಫೀಸಿನಲ್ಲಿ ಕೂತು ಹುಡುಕುವವರಾದರೆ ಇಲ್ಲಿ ದುಡ್ಡು ಹಾಕಿ ನೋಡಬಹುದು. ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವವರು, ಸಾಫ್ಟ್‌ವೇರ್ ಮಾರುವವರು, ಆಡಿಟ್ ಮತ್ತು ಜಿಎಸ್‌ಟಿ ಕೆಲಸ ಮಾಡುವವರು, ಕಂಪನಿಗಳಿಗೆ ಟ್ರೇನಿಂಗ್ ಕೊಡುವವರು, ಅಮೆರಿಕಕ್ಕೋ ಬ್ರಿಟನ್‌ಗೋ ರಫ್ತು ಮಾಡುವವರು, ಇಂಥವರಿಗೆಲ್ಲ ಇದು ಹೊಂದುತ್ತದೆ. ಬೀದಿ ಕೊನೆಯ ಬೇಕರಿಗೆ, ಬ್ಯೂಟಿ ಪಾರ್ಲರ್‌ಗೆ, ಪಂಕ್ಚರ್ ಅಂಗಡಿಗೆ ಬೇಡ. ಅವರ ಗಿರಾಕಿಗಳು ಫೋನಿನಲ್ಲೇ ಹುಡುಕುತ್ತಾರೆ, ಅದೂ ಮ್ಯಾಪ್‌ನಲ್ಲಿ.

ಇಡೀ ಲೇಖನಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದಲ್ಲಿ ಒಂದು ಮಷಿನ್ ಶಾಪ್ ಇದೆ ಅಂದುಕೊಳ್ಳಿ. ಒಂದೆರಡು ಸಿಎನ್‌ಸಿ ಟರ್ನಿಂಗ್ ಮಷಿನ್ (ಕಂಪ್ಯೂಟರ್ ನಡೆಸುವ ಲೇತ್), ಒಂದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್). ಕೆಲಸ ಪೂರ್ತಿ ಜಾಬ್ ವರ್ಕ್. ಡ್ರಾಯಿಂಗ್ ಕಳಿಸಿದರೆ ಪೀಸ್ ಮಾಡಿಕೊಡುತ್ತಾರೆ. ಮಾಲೀಕರಿಗೆ ಹೊಸ ಪಾರ್ಟಿಗಳು ಬೇಕು.

ಜಾಹೀರಾತು ಎಲ್ಲೆಲ್ಲಿ ಕಾಣುತ್ತದೆ?

ಬಿಂಗ್‌ನಲ್ಲಿ ಜಾಹೀರಾತು ಕೊಡುವ ಜಾಗದ ಹೆಸರು ಈಗ ಮೈಕ್ರೋಸಾಫ್ಟ್ ಅಡ್ವರ್ಟೈಸಿಂಗ್. 2006ರಲ್ಲಿ ಶುರುವಾದಾಗ ಆ್ಯಡ್‌ಸೆಂಟರ್ ಅನ್ನುತ್ತಿದ್ದರು, 2012ರಲ್ಲಿ ಬಿಂಗ್ ಆ್ಯಡ್ಸ್ ಆಯಿತು, 2019ರಲ್ಲಿ ಈಗಿನ ಹೆಸರು ಬಂತು. ಹಳೆಯ ವಿಡಿಯೊಗಳಲ್ಲಿ ಬೇರೆ ಹೆಸರು ಕೇಳಿದರೆ ಗಾಬರಿಯಾಗಬೇಡಿ, ಎಲ್ಲ ಒಂದೇ.

ಇಲ್ಲಿ ಕೊಟ್ಟ ಜಾಹೀರಾತು ಬಿಂಗ್ ಒಂದರಲ್ಲೇ ಕಾಣುವುದಿಲ್ಲ. ಯಾಹೂ ಸರ್ಚ್‌ನಲ್ಲೂ ಬರುತ್ತದೆ. ಡಕ್‌ಡಕ್‌ಗೋ ಸರ್ಚ್‌ನಲ್ಲಿ ಕಾಣುವ ಜಾಹೀರಾತುಗಳೂ ಮೈಕ್ರೋಸಾಫ್ಟ್ ಮೂಲಕವೇ ಬರುತ್ತವೆ. ವಿಂಡೋಸ್‌ನ ಸ್ಟಾರ್ಟ್ ಬಟನ್ ಪಕ್ಕದ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದೂ ಬಿಂಗ್‌ಗೇ ಹೋಗುತ್ತದೆ. ಇವುಗಳಾಚೆ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡ ಪಾರ್ಟ್‌ನರ್ ತಾಣಗಳ ದೊಡ್ಡ ಗುಂಪೊಂದಿದೆ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ. ದುಡ್ಡು ಸೋರುವುದು ಬಹಳ ಸಲ ಅಲ್ಲೇ.

ಪದ್ಧತಿ ಸರಳ. ಜಾಹೀರಾತು ಕಂಡರೆ ದುಡ್ಡಿಲ್ಲ, ಕ್ಲಿಕ್ ಮಾಡಿದರೆ ದುಡ್ಡು. ಸರ್ಚ್‌ನಲ್ಲಿ ಇದನ್ನು ಶುರು ಮಾಡಿದ್ದು ಗೂಗಲ್ ಅಲ್ಲ. 1998ರಲ್ಲಿ ಅಮೆರಿಕದಲ್ಲಿ ಬಿಲ್ ಗ್ರಾಸ್ ಅನ್ನುವವರ ಗೋಟು ಡಾಟ್ ಕಾಮ್ ಇದನ್ನು ತಂದಿತು. ಅದೇ ಮುಂದೆ ಓವರ್ಚರ್ ಆಯಿತು, 2003ರಲ್ಲಿ ಯಾಹೂ ಕೊಂಡುಕೊಂಡಿತು. ಆಗ ಯಾರು ಜಾಸ್ತಿ ಬಿಡ್ (ಕ್ಲಿಕ್ಕಿಗೆ ಕೊಡಲು ಒಪ್ಪುವ ಬೆಲೆ) ಕೂಗುತ್ತಾರೋ ಅವರೇ ಮೇಲೆ. ಪಕ್ಕದವರು ಎಷ್ಟು ಕೂಗಿದ್ದಾರೆ ಅನ್ನುವುದೂ ಎಲ್ಲರಿಗೂ ಕಾಣುತ್ತಿತ್ತು! ಈಗ ಹಾಗಿಲ್ಲ. ನಿಮ್ಮ ಬಿಡ್ ಜೊತೆಗೆ ಜಾಹೀರಾತು ಎಷ್ಟು ಹೊಂದುತ್ತದೆ, ಜನ ಕ್ಲಿಕ್ ಮಾಡುವ ಸಾಧ್ಯತೆ ಎಷ್ಟು, ಒಳಗಿನ ಪುಟ ಹೇಗಿದೆ ಅನ್ನುವುದನ್ನೆಲ್ಲ ಸೇರಿಸಿ ಜಾಗ ಕೊಡುತ್ತಾರೆ. ಹಾಗಾಗಿ ಕಡಿಮೆ ಬಿಡ್ ಇಟ್ಟವರೂ ಮೇಲೆ ಬರಬಹುದು.

ಮೊದಲು ಪೇಪರ್ ಮೇಲೆ ಲೆಕ್ಕ

ಅಕೌಂಟ್ ತೆರೆಯುವ ಮುಂಚೆ ಒಂದು ಕೂಡು-ಕಳೆ ಮಾಡಿಕೊಳ್ಳಿ. ಈ ಅಂಕಿಗಳು ಬರೀ ಉದಾಹರಣೆಗೆ, ನಿಮ್ಮದು ಬೇರೆ ಇರುತ್ತದೆ.

ದಿನಕ್ಕೆ ₹300 ಬಜೆಟ್. ಕ್ಲಿಕ್ಕಿಗೆ ₹20 ಆದರೆ ದಿನಕ್ಕೆ 15 ಕ್ಲಿಕ್. ತಿಂಗಳಿಗೆ 450 ಕ್ಲಿಕ್, ₹9,000 ಖರ್ಚು. ನೂರರಲ್ಲಿ ಇಬ್ಬರು ಫೋನ್ ಮಾಡಿದರೆ ಅಥವಾ ಡ್ರಾಯಿಂಗ್ ಕಳಿಸಿದರೆ 9 ಎನ್‌ಕ್ವೈರಿ. ಅಂದರೆ ಒಂದು ಎನ್‌ಕ್ವೈರಿಗೆ ₹1,000. ಒಂಬತ್ತರಲ್ಲಿ ಎರಡು ಆರ್ಡರ್ ಆದರೆ ಒಂದು ಆರ್ಡರಿಗೆ ₹4,500.

ಈಗ ಕೇಳಿಕೊಳ್ಳಿ: ಒಂದು ಹೊಸ ಪಾರ್ಟಿಯಿಂದ ಬರುವ ಲಾಭ ಇದನ್ನು ತಡೆದುಕೊಳ್ಳುತ್ತದಾ? ಮಷಿನ್ ಶಾಪ್‌ಗೆ ತಡೆದುಕೊಳ್ಳಬಹುದು. ಒಮ್ಮೆ ಪೀಸ್ ಇಷ್ಟವಾದರೆ ಅದೇ ಪಾರ್ಟಿ ಮತ್ತೆ ಮತ್ತೆ ಆರ್ಡರ್ ಕೊಡುತ್ತದೆ. ಆದರೆ ₹400ರ ಉಪ್ಪಿನಕಾಯಿ ಬಾಟಲಿ ಮಾರುವವರಿಗೆ ಈ ಲೆಕ್ಕ ಕೂಡಿ ಬರುವುದು ಕಷ್ಟ. ಪೇಪರ್ ಮೇಲೇ ನಷ್ಟ ಕಂಡರೆ ಇಲ್ಲೇ ನಿಲ್ಲಿಸಿ. ಸ್ಕ್ರೀನ್ ಮೇಲೆ ಅದು ಲಾಭ ಆಗಲ್ಲ.

ಜಾಹೀರಾತು ಖರ್ಚಿನ ಮೇಲೆ 18% ಜಿಎಸ್‌ಟಿ ಬೀಳುತ್ತದೆ, ಅದನ್ನೂ ಸೇರಿಸಿಕೊಳ್ಳಿ. ನಿಮ್ಮ ಜಿಎಸ್‌ಟಿ ನಂಬರನ್ನು ಅಕೌಂಟಿನ ಬಿಲ್ಲಿಂಗ್ ವಿವರದಲ್ಲಿ ಮೊದಲೇ ತುಂಬಿ. ಆಮೇಲೆ ಇನ್‌ಪುಟ್ ಕ್ರೆಡಿಟ್ ಕೇಳುವಾಗ ಆಡಿಟರ್ ಹತ್ತಿರ ಬೈಸಿಕೊಳ್ಳುವುದು ತಪ್ಪುತ್ತದೆ.

ಅಕೌಂಟ್ ತೆರೆಯುವುದು

ಆ್ಯಡ್ಸ್ ಡಾಟ್ ಮೈಕ್ರೋಸಾಫ್ಟ್ ಡಾಟ್ ಕಾಮ್‌ಗೆ ಹೋಗಿ ಇಮೇಲ್ ಕೊಟ್ಟು ಸೈನ್ ಅಪ್ ಆಗಿ. ಇದು ಹೆಚ್ಚೇನೂ ಕಷ್ಟವಲ್ಲ. ಮೂರು ವಿಷಯ ಮಾತ್ರ ಜ್ಞಾಪಕ ಇಟ್ಟುಕೊಳ್ಳಿ.

ಒಂದು, ಕರೆನ್ಸಿ. ರೂಪಾಯಿಯೋ ಡಾಲರೋ ಅಂತ ಶುರುವಿನಲ್ಲೇ ಆರಿಸಬೇಕು, ಆಮೇಲೆ ಬದಲಾಯಿಸಲು ಆಗುವುದಿಲ್ಲ. ಟೈಮ್ ಝೋನ್ ಕೂಡ ನೋಡಿಕೊಳ್ಳಿ.

ಎರಡು, ಹೆಸರು. ಅಕೌಂಟಿನಲ್ಲಿ ಹಾಕಿದ ಹೆಸರು, ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿರುವ ಹೆಸರು, ವೆಬ್‌ಸೈಟಿನಲ್ಲಿರುವ ಹೆಸರು, ಮೂರೂ ಒಂದೇ ಇರಲಿ. ಜಾಹೀರಾತು ಕೊಡುವವರು ಯಾರು ಅಂತ ದಾಖಲೆ ಕೇಳಿ ಪರಿಶೀಲಿಸುವ ವ್ಯವಸ್ಥೆ ಇದೆ. ಬೋರ್ಡಿನಲ್ಲಿ ಒಂದು ಹೆಸರು, ಪ್ಯಾನ್‌ನಲ್ಲಿ ಇನ್ನೊಂದು, ಕಾರ್ಡ್ ಮಗನ ಹೆಸರಿನಲ್ಲಿ ಅಂತಾದರೆ ಅಕೌಂಟ್ ತಡೆಹಿಡಿಯಬಹುದು. ಹಾಗೆ ನಿಂತ ಅಕೌಂಟನ್ನು ಮತ್ತೆ ಶುರು ಮಾಡಿಸುವುದು ದೊಡ್ಡ ತಲೆನೋವು.

ಮೂರು, ಸ್ಮಾರ್ಟ್ ಮೋಡ್. ಹೊಸಬರನ್ನು ಆ ದಾರಿಗೆ ಕರೆದೊಯ್ಯುವುದೇ ಹೆಚ್ಚು. ಅದರಲ್ಲಿ ಎಲ್ಲವನ್ನೂ ಮಷಿನ್ನೇ ನೋಡಿಕೊಳ್ಳುತ್ತದೆ, ನಿಮ್ಮ ಕೈಯಲ್ಲಿ ಹಿಡಿತ ಉಳಿಯುವುದಿಲ್ಲ. ಎಕ್ಸ್‌ಪರ್ಟ್ ಮೋಡ್‌ಗೆ ಬದಲಾಯಿಸುವ ಲಿಂಕ್ ಅಲ್ಲೇ ಸಣ್ಣದಾಗಿ ಇರುತ್ತದೆ, ಅದನ್ನು ಒತ್ತಿ. ಹೆಸರು ಕೇಳಿ ಹೆದರಬೇಡಿ. ಅದಕ್ಕೆ ಎಕ್ಸ್‌ಪರ್ಟ್ ಆಗಬೇಕಿಲ್ಲ, ತಾಳ್ಮೆ ಇದ್ದರೆ ಸಾಕು.

ಪ್ರೀಪೇಯ್ಡ್ ಆಯ್ಕೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹಾಕಿದಷ್ಟೇ ಖರ್ಚು. ಹೊಸ ಅಕೌಂಟಿಗೆ ಆಗಾಗ ಕೂಪನ್ ಆಫರ್ ಇರುತ್ತದೆ, ಇಷ್ಟು ಖರ್ಚು ಮಾಡಿದರೆ ಇಷ್ಟು ಫ್ರೀ ಅಂತ. ಇದ್ದರೆ ಬಳಸಿಕೊಳ್ಳಿ. ಅದಕ್ಕೋಸ್ಕರ ಬಜೆಟ್ ಹಿಗ್ಗಿಸಬೇಡಿ.

ಈಗಾಗಲೇ ಗೂಗಲ್‌ನಲ್ಲಿ ಜಾಹೀರಾತು ಕೊಡುತ್ತಿದ್ದೀರಾ? ಹಾಗಾದರೆ ಇಂಪೋರ್ಟ್ ಅನ್ನುವ ಬಟನ್ ಇದೆ. ಅಲ್ಲಿನ ಕ್ಯಾಂಪೇನ್, ಅಂದರೆ ಬಜೆಟ್ಟಿನಿಂದ ಜಾಹೀರಾತಿನವರೆಗೆ ಎಲ್ಲ ಸೇರಿದ ಕಟ್ಟು, ಪೂರ್ತಿ ಇಲ್ಲಿಗೆ ನಕಲಾಗುತ್ತದೆ. ಒಂದೇ ಸಲ ಇಂಪೋರ್ಟ್ ಆಗುವ ಹಾಗೆ ಆರಿಸಿ, ದಿನವೂ ಆಗುವ ಹಾಗೆ ಬಿಡಬೇಡಿ. ಬಿಟ್ಟರೆ ನೀವು ಇಲ್ಲಿ ಮಾಡಿದ ಬದಲಾವಣೆಯ ಮೇಲೆ ಅಲ್ಲಿಂದ ಮತ್ತೆ ಬಂದು ಕೂರುತ್ತದೆ. ಬಜೆಟ್ಟೂ ಅಷ್ಟೇ ಬರುತ್ತದೆ. ಗೂಗಲ್‌ನಲ್ಲಿ ದಿನಕ್ಕೆ ₹2,000 ಇದ್ದರೆ ಇಲ್ಲೂ ₹2,000! ಮೊದಲು ಅದನ್ನು ಇಳಿಸಿ, ಆಮೇಲೆ ಕ್ಯಾಂಪೇನ್ ಆನ್ ಮಾಡಿ.

ಕೀವರ್ಡ್: ಅರ್ಧ ಕೆಲಸ ಇಲ್ಲೇ

ಒಳಗಿನ ಜೋಡಣೆ ಹೀಗಿದೆ. ಮೇಲೆ ಕ್ಯಾಂಪೇನ್. ಬಜೆಟ್ ಮತ್ತು ಊರು ಇರುವುದು ಅಲ್ಲಿ. ಅದರ ಕೆಳಗೆ ಆ್ಯಡ್ ಗ್ರೂಪ್. ಅದರೊಳಗೆ ಕೀವರ್ಡ್‌ಗಳು, ಅಂದರೆ ಜನ ಯಾವ ಮಾತು ಟೈಪ್ ಮಾಡಿದಾಗ ನೀವು ಕಾಣಬೇಕೋ ಆ ಮಾತುಗಳು, ಮತ್ತು ಜಾಹೀರಾತು. ಶುರುವಿಗೆ ಒಂದು ಕ್ಯಾಂಪೇನ್, ಎರಡು ಆ್ಯಡ್ ಗ್ರೂಪ್ ಧಾರಾಳವಾಯಿತು. ನಮ್ಮ ಮಷಿನ್ ಶಾಪ್‌ಗೆ ಒಂದು ಟರ್ನಿಂಗ್‌ಗೆ, ಇನ್ನೊಂದು ವಿಎಂಸಿಗೆ.

ಕೀವರ್ಡ್‌ಗಳನ್ನು ಜನ ಟೈಪ್ ಮಾಡುವ ಹಾಗೆ ಬರೆಯಬೇಕು. ಮಾಲೀಕರು ತಮ್ಮ ಬ್ರೋಷರ್‌ನಲ್ಲಿ "ಪ್ರಿಸಿಷನ್ ಎಂಜಿನಿಯರಿಂಗ್ ಸಲ್ಯೂಷನ್ಸ್" ಅಂತ ಹಾಕಿಕೊಂಡಿರುತ್ತಾರೆ. ಪರ್ಚೇಸ್‌ನವರು ಹಾಗೆ ಟೈಪ್ ಮಾಡಲ್ಲ. "ಸಿಎನ್‌ಸಿ ಟರ್ನಿಂಗ್ ಜಾಬ್ ವರ್ಕ್ ಬೆಂಗಳೂರು", "ವಿಎಂಸಿ ಜಾಬ್ ವರ್ಕ್ ಪೀಣ್ಯ", "ಎಸ್‌ಎಸ್ 304 ಟರ್ನ್ಡ್ ಪಾರ್ಟ್ಸ್ ಸಪ್ಲೈಯರ್", "ಬ್ರಾಸ್ ಬುಷ್ ಮ್ಯಾನುಫ್ಯಾಕ್ಚರರ್ ಬೆಂಗಳೂರು" ಅಂತ ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ. ನಿಮ್ಮ ಹಳೆಯ ಗಿರಾಕಿಗಳ ಮೇಲ್ ತೆರೆದು ನೋಡಿ. ಸಬ್ಜೆಕ್ಟ್ ಸಾಲಿನಲ್ಲಿ ಅವರು ಏನು ಬರೆದಿದ್ದಾರೋ ಅದೇ ನಿಮ್ಮ ಕೀವರ್ಡ್. ಆಮೇಲೆ ಟೂಲ್ಸ್‌ನಲ್ಲಿ ಕೀವರ್ಡ್ ಪ್ಲಾನರ್ ಇದೆ. ಯಾವುದನ್ನು ಎಷ್ಟು ಜನ ಹುಡುಕುತ್ತಾರೆ, ಬಿಡ್ ಎಷ್ಟಿರಬಹುದು ಅನ್ನುವ ಅಂದಾಜು ಅದರಲ್ಲಿ ಸಿಗುತ್ತದೆ.

ಕೀವರ್ಡ್ ಹಾಕುವಾಗ ಮ್ಯಾಚ್ ಅಂತ ಕೇಳುತ್ತದೆ. ಬ್ರಾಡ್, ಫ್ರೇಸ್, ಎಕ್ಸಾಕ್ಟ್ ಅಂತ ಮೂರು ಇವೆ. ಬ್ರಾಡ್ ಅಂದರೆ ಆ ವಿಷಯಕ್ಕೆ ದೂರದ ನಂಟಿದ್ದರೂ ತೋರಿಸುತ್ತದೆ. ಫ್ರೇಸ್ ಅಂದರೆ ಆ ಮಾತಿನ ಅರ್ಥ ಹುಡುಕಾಟದಲ್ಲಿ ಇರಬೇಕು. ಎಕ್ಸಾಕ್ಟ್ ಅಂದರೆ ಹೆಚ್ಚೂಕಡಿಮೆ ಅದೇ ಆಗಿರಬೇಕು. ನನ್ನ ಅಭಿಪ್ರಾಯ ಕೇಳಿದರೆ ಮೊದಲ ತಿಂಗಳು ಬ್ರಾಡ್ ಮುಟ್ಟಲೇಬೇಡಿ. ಬಿಂಗ್‌ನಲ್ಲಿ ಹುಡುಕುವವರು ಕಡಿಮೆ ಇರುವುದರಿಂದ ಬರೀ ಎಕ್ಸಾಕ್ಟ್ ಇಟ್ಟರೆ ಜಾಹೀರಾತು ಕಾಣುವುದೇ ಇಲ್ಲ. ಹಾಗಾಗಿ ಫ್ರೇಸ್‌ನಿಂದ ಶುರು ಮಾಡುವುದು ಸರಿ.

ಇನ್ನು ಬೇಡದ ಕೀವರ್ಡ್‌ಗಳು, ಅಂದರೆ ನೆಗೆಟಿವ್ ಕೀವರ್ಡ್. ಇದನ್ನು ಬಿಟ್ಟವರು ದುಡ್ಡು ಕಳೆದುಕೊಳ್ಳುವುದು ಗ್ಯಾರಂಟಿ. ನಮ್ಮ ಉದಾಹರಣೆಯನ್ನೇ ನೋಡಿ. "ಸಿಎನ್‌ಸಿ ಜಾಬ್ ವರ್ಕ್" ಅಂತ ಕೀವರ್ಡ್ ಹಾಕಿದರೆ ಯಾರ‍್ಯಾರು ಬರಬಹುದು?

- "ಸಿಎನ್‌ಸಿ ಆಪರೇಟರ್ ಜಾಬ್ ಇನ್ ಪೀಣ್ಯ": ಕೆಲಸ ಹುಡುಕುತ್ತಿರುವ ಹುಡುಗ.
- "ಐಟಿಐ ಫ್ರೆಶರ್ ಸಿಎನ್‌ಸಿ ವರ್ಕ್ ಸ್ಯಾಲರಿ": ಇವನೂ ಅಷ್ಟೇ.
- "ಸಿಎನ್‌ಸಿ ಪ್ರೋಗ್ರಾಮಿಂಗ್ ಕೋರ್ಸ್ ಫೀಸ್": ಕಲಿಯುವವನು.
- "ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಮಷಿನ್ ಪ್ರೈಸ್": ನಿಮ್ಮಂಥದೇ ಶಾಪ್ ಹಾಕಲು ಹೊರಟವನು!
- "ಸಿಎನ್‌ಸಿ ಜಿ ಕೋಡ್ ಪಿಡಿಎಫ್": ವಿದ್ಯಾರ್ಥಿ.

ಒಬ್ಬರೂ ಪೀಸ್ ಮಾಡಿಸುವವರಲ್ಲ. ಒಬ್ಬೊಬ್ಬರ ಕ್ಲಿಕ್ಕಿಗೂ ₹20. ಹಾಗಾಗಿ ವೇಕೆನ್ಸಿ, ಸ್ಯಾಲರಿ, ಆಪರೇಟರ್, ಫ್ರೆಶರ್, ಐಟಿಐ, ಕೋರ್ಸ್, ಟ್ರೇನಿಂಗ್, ಪಿಡಿಎಫ್, ಫ್ರೀ, ಸೆಕೆಂಡ್ ಹ್ಯಾಂಡ್, ಯೂಸ್ಡ್, ಮಷಿನ್ ಪ್ರೈಸ್, ಇವನ್ನೆಲ್ಲ ಮೊದಲ ದಿನವೇ ನೆಗೆಟಿವ್ ಪಟ್ಟಿಗೆ ಸೇರಿಸಿ. ಜಾಬ್ ಅನ್ನುವ ಒಂದು ಪದವನ್ನು ಮಾತ್ರ ಅದರ ಪಾಡಿಗೆ ನೆಗೆಟಿವ್ ಮಾಡಬೇಡಿ, ಜಾಬ್ ವರ್ಕ್ ಕೇಳಿಕೊಂಡು ಬರುವವರೂ ಹೊರಗುಳಿಯುತ್ತಾರೆ. "ಜಾಬ್ ಇನ್", "ಜಾಬ್ಸ್", "ಜಾಬ್ ವೇಕೆನ್ಸಿ" ಅಂತ ಬಿಡಿಸಿ ಹಾಕಿ.

ನಿಮ್ಮ ವ್ಯಾಪಾರಕ್ಕೂ ಇಂಥ ಪಟ್ಟಿ ಇರುತ್ತದೆ. ಆಡಿಟರ್ ಆದರೆ ಇಂಟರ್ನ್‌ಶಿಪ್, ಆರ್ಟಿಕಲ್‌ಶಿಪ್, ಸಿಲಬಸ್. ಸಾಫ್ಟ್‌ವೇರ್ ಆದರೆ ಕ್ರ್ಯಾಕ್, ಡೌನ್‌ಲೋಡ್, ಓಪನ್ ಸೋರ್ಸ್. ಚಹಾ ಕುಡಿಯುತ್ತಾ ಹದಿನೈದು ನಿಮಿಷ ಯೋಚಿಸಿದರೆ ಪಟ್ಟಿ ಸಿದ್ಧ.

ಸೋರುವ ಜಾಗಗಳು

ಕ್ಯಾಂಪೇನ್ ಮಾಡುವಾಗ ಬರುವ ಸೆಟ್ಟಿಂಗ್‌ಗಳಲ್ಲಿ ಕೆಲವು ನಿಮ್ಮ ಪರವಾಗಿ ಮೊದಲೇ ಟಿಕ್ ಆಗಿರುತ್ತವೆ. ಅವರ ಅನುಕೂಲಕ್ಕೆ ಅನ್ನುವುದನ್ನು ಬೇರೆ ಹೇಳಬೇಕಿಲ್ಲ ಅಲ್ವಾ. ಒಂದೊಂದಾಗಿ ನೋಡಿ.

ಮೊದಲನೆಯದು ಪಾರ್ಟ್‌ನರ್ ತಾಣಗಳು. ಜಾಹೀರಾತು ಎಲ್ಲೆಲ್ಲಿ ಕಾಣಬೇಕು ಅನ್ನುವ ಆಯ್ಕೆ ಆ್ಯಡ್ ಗ್ರೂಪ್ ಸೆಟ್ಟಿಂಗ್‌ನಲ್ಲಿದೆ. ಇಡೀ ನೆಟ್‌ವರ್ಕ್ ಅಂತ ಇರುವುದನ್ನು ಬದಲಾಯಿಸಿ ಮೈಕ್ರೋಸಾಫ್ಟ್‌ನ ಸ್ವಂತ ತಾಣಗಳು ಮತ್ತು ಆಯ್ದ ತಾಣಗಳಿಗೆ ಸೀಮಿತ ಮಾಡಿ. ಪಾರ್ಟ್‌ನರ್ ತಾಣಗಳೆಲ್ಲ ಕೆಟ್ಟವು ಅಂತಲ್ಲ. ಆದರೆ ಹೆಸರೇ ಕೇಳಿರದ ತಾಣಗಳಿಂದ ಕ್ಲಿಕ್ ಬಂದು, ಎನ್‌ಕ್ವೈರಿ ಸೊನ್ನೆ ಆಗುವುದು ಸಾಮಾನ್ಯ. ಈಗಾಗಲೇ ಶುರು ಮಾಡಿದ್ದರೆ ರಿಪೋರ್ಟ್ಸ್‌ನಲ್ಲಿ ಯಾವ ವೆಬ್‌ಸೈಟಿನಿಂದ ಎಷ್ಟು ಕ್ಲಿಕ್ ಬಂತು ಅನ್ನುವ ಪಬ್ಲಿಷರ್ ರಿಪೋರ್ಟ್ ತೆಗೆಯಿರಿ. ಬೇಡದ ತಾಣಗಳ ಹೆಸರು ಹಾಕಿ ಹೊರಗಿಡಬಹುದು.

ಎರಡನೆಯದು ಆಡಿಯನ್ಸ್ ನೆಟ್‌ವರ್ಕ್. ಎಂಎಸ್‌ಎನ್ ಸುದ್ದಿ ಪುಟ, ಔಟ್‌ಲುಕ್ ಮೇಲ್, ಎಡ್ಜ್‌ನ ಹೊಸ ಟ್ಯಾಬ್ ಮುಂತಾದ ಕಡೆ ತೋರಿಸುವ ಜಾಹೀರಾತು ಇದು. ಅಲ್ಲಿ ಯಾರೂ ನಿಮ್ಮನ್ನು ಹುಡುಕುತ್ತಿರುವುದಿಲ್ಲ, ಕ್ರಿಕೆಟ್ ಸ್ಕೋರ್ ನೋಡುತ್ತಾ ಕೈತಪ್ಪಿ ಒತ್ತುತ್ತಾರೆ. ಸರ್ಚ್ ಕ್ಯಾಂಪೇನ್ ಕೂಡ ಅಲ್ಲಿಗೆ ಹರಿಯಬಹುದು. ಅದರ ಬಿಡ್ ಹೊಂದಾಣಿಕೆಯನ್ನು ಮೈನಸ್ 100% ಮಾಡಿದರೆ ನಿಲ್ಲುತ್ತದೆ.

ಮೂರನೆಯದು ಊರು. ಬೆಂಗಳೂರು ಅಂತ ಆರಿಸಿದರೆ ಮುಗಿಯಲಿಲ್ಲ. ಕೆಳಗೆ ಎರಡು ಆಯ್ಕೆ ಇವೆ. ಆ ಊರಿನಲ್ಲಿ ಇರುವವರಿಗೆ ಮಾತ್ರ, ಅಥವಾ ಆ ಊರಿನ ಬಗ್ಗೆ ಹುಡುಕುತ್ತಿರುವ ಬೇರೆ ಕಡೆಯವರಿಗೂ. ಎರಡನೆಯದೇ ಆನ್ ಆಗಿರುತ್ತದೆ. ಹೋಮ್‌ಸ್ಟೇ ನಡೆಸುವವರಿಗೆ ಅದೇ ಬೇಕು. ಸಕಲೇಶಪುರದ ಬಗ್ಗೆ ಹುಡುಕುವವರು ಸಕಲೇಶಪುರದಲ್ಲಿ ಇರುವುದಿಲ್ಲವಲ್ಲ. ಮಷಿನ್ ಶಾಪ್‌ಗೆ ಮೊದಲನೆಯದೇ ಸರಿ. ಊರುಗಳನ್ನು ಮಾತ್ರ ಸ್ವಲ್ಪ ಜಾಣತನದಿಂದ ಸೇರಿಸಿ. ಬೆಂಗಳೂರಿನ ಜೊತೆ ಬಿಡದಿ, ನರಸಾಪುರ, ಮಾಲೂರು, ತುಮಕೂರು ಕಡೆಯ ವಸಂತನರಸಾಪುರ, ಗಡಿ ಆಚೆಯ ಹೊಸೂರು. ದೊಡ್ಡ ಕಂಪನಿಗಳ ಪರ್ಚೇಸ್ ಆಫೀಸುಗಳು ಬಹಳಷ್ಟು ಕಾರ್ಖಾನೆಯ ಆವರಣದಲ್ಲೇ ಇರುತ್ತವೆ.

ನಾಲ್ಕನೆಯದು ತಾನಾಗಿ ಆಗುವ ಬದಲಾವಣೆಗಳು. ಶಿಫಾರಸುಗಳನ್ನು ತಾನೇ ಜಾರಿ ಮಾಡುವ ಒಂದು ಸೆಟ್ಟಿಂಗ್ ಇದೆ, ಜಾಹೀರಾತಿನ ಸಾಲುಗಳನ್ನು ತಾನೇ ಬರೆಯುವ ಇನ್ನೊಂದು ಸೆಟ್ಟಿಂಗ್ ಇದೆ. ಎರಡನ್ನೂ ಆಫ್ ಮಾಡಿ. ನಿಮ್ಮ ವೆಬ್‌ಸೈಟಿನ ಯಾವುದೋ ಹಳೆಯ ಪುಟದಿಂದ ಎತ್ತಿ, ನೀವು ಮಾಡದ ಕೆಲಸವನ್ನೂ ಮಾಡುತ್ತೀರಿ ಅಂತ ಬರೆದುಬಿಟ್ಟರೆ ಫೋನ್ ತೆಗೆದು ಉತ್ತರ ಹೇಳಬೇಕಾದವರು ನೀವು.

ವೇಳೆಯನ್ನೂ ಹಾಕಿ. ಸೋಮವಾರದಿಂದ ಶನಿವಾರ, ಬೆಳಗ್ಗೆ 9ರಿಂದ ಸಂಜೆ 6. ರಾತ್ರಿ ಹನ್ನೊಂದಕ್ಕೆ ಸಿಎನ್‌ಸಿ ಹುಡುಕುವವನು ಪರ್ಚೇಸ್ ಮ್ಯಾನೇಜರ್ ಆಗಿರುವುದು ಕಡಿಮೆ, ಪರೀಕ್ಷೆಗೆ ಓದುವ ಹುಡುಗನೇ ಜಾಸ್ತಿ.

ಬಿಡ್ ಎಷ್ಟಿಡಬೇಕು?

ಶುರುವಿಗೆ ಮ್ಯಾಕ್ಸಿಮೈಸ್ ಕ್ಲಿಕ್ಸ್ (ಬಜೆಟ್ಟಿನೊಳಗೆ ಆದಷ್ಟು ಹೆಚ್ಚು ಕ್ಲಿಕ್ ತರುವ ಆಯ್ಕೆ) ಆರಿಸಿ, ಜೊತೆಗೆ ಒಂದು ಕ್ಲಿಕ್ಕಿಗೆ ಇಷ್ಟಕ್ಕಿಂತ ಜಾಸ್ತಿ ಕೊಡಲ್ಲ ಅಂತ ಮಿತಿ ಹಾಕಿ. ಆ ಮಿತಿ ಹಾಕದೆ ಬಿಡಬೇಡಿ. ಕನ್ವರ್ಷನ್, ಅಂದರೆ ಕ್ಲಿಕ್ ಎನ್‌ಕ್ವೈರಿ ಆಗುವುದನ್ನು, ಹೆಚ್ಚಿಸುವ ಬಗೆಯ ಬಿಡ್ಡಿಂಗ್ ಆಕರ್ಷಕವಾಗಿ ಕಾಣುತ್ತದೆ. ಆದರೆ ಯಾರು ಗಿರಾಕಿಯಾಗುತ್ತಾರೆ ಅನ್ನುವುದನ್ನು ಮಷಿನ್ ಕಲಿಯಲು ಅದರ ಮುಂದೆ ಹತ್ತಾರು ಎನ್‌ಕ್ವೈರಿಗಳ ಲೆಕ್ಕ ಇರಬೇಕು. ಸೊನ್ನೆಯಿಂದ ಅದು ಏನು ಕಲಿತೀತು?

ದಿನದ ಬಜೆಟ್ ₹300 ಅಂದರೆ ಪ್ರತಿ ದಿನ ಸರಿಯಾಗಿ ₹300 ಅಲ್ಲ. ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ, ತಿಂಗಳ ಲೆಕ್ಕದಲ್ಲಿ ಸರಿದೂಗಿಸುತ್ತಾರೆ. ಒಂದು ದಿನ ₹400 ಕಂಡರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಕಿಲ್ಲ.

ಜಾಹೀರಾತು ಬರೆಯುವುದು

ಈಗ ಇರುವುದು ರೆಸ್ಪಾನ್ಸಿವ್ ಸರ್ಚ್ ಆ್ಯಡ್. ಅದರಲ್ಲಿ 15ರವರೆಗೆ ಹೆಡ್‌ಲೈನ್ ಕೊಡಬಹುದು, ಒಂದೊಂದಕ್ಕೂ 30 ಅಕ್ಷರದ ಮಿತಿ. ವಿವರಣೆ 4ರವರೆಗೆ, ತಲಾ 90 ಅಕ್ಷರ. ಕನಿಷ್ಠ 3 ಹೆಡ್‌ಲೈನ್, 2 ವಿವರಣೆ ಬೇಕೇ ಬೇಕು. ಅವನ್ನು ಅದಲುಬದಲು ಮಾಡಿ ತೋರಿಸುತ್ತಾರೆ. ಹಾಗಾಗಿ ಒಂದು ಸಾಲು ಇನ್ನೊಂದನ್ನು ನಂಬಿಕೊಂಡು ಇರಬಾರದು, ಒಂಟಿಯಾಗಿ ನಿಂತರೂ ಅರ್ಥವಾಗಬೇಕು.

"ಸಿಎನ್‌ಸಿ ಜಾಬ್ ವರ್ಕ್ ಇನ್ ಪೀಣ್ಯ" ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಜಾಗ ಸೇರಿ 22 ಆಗುತ್ತದೆ. ಏನು, ಎಲ್ಲಿ, ಎರಡೂ ಬಂತು. "ಸೆಂಡ್ ಡ್ರಾಯಿಂಗ್, ಗೆಟ್ ಕೋಟ್" 23. ಮುಂದೆ ಏನು ಮಾಡಬೇಕು ಅಂತ ಹೇಳಿದಂತಾಯಿತು. ಇನ್ನೊಂದರಲ್ಲಿ ಯಾವ ಮೆಟೀರಿಯಲ್, ಮತ್ತೊಂದರಲ್ಲಿ ಕನಿಷ್ಠ ಎಷ್ಟು ಪೀಸ್. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ, ಬರೆಯಬೇಕು. "ಮಿನಿಮಮ್ 100 ಪೀಸ್" ಅಂತ ಹಾಕಿದರೆ ಕಾಲೇಜ್ ಪ್ರಾಜೆಕ್ಟಿಗೆ ಒಂದೇ ಒಂದು ಪೀಸ್ ಬೇಕಾದವರು ಕ್ಲಿಕ್ ಮಾಡದೆ ಮುಂದೆ ಹೋಗುತ್ತಾರೆ. ಆ ಕ್ಲಿಕ್ ತಪ್ಪಿದ್ದೇ ನಿಮಗೆ ಉಳಿತಾಯ. ಬೆಸ್ಟ್ ಕ್ವಾಲಿಟಿ, ವರ್ಲ್ಡ್ ಕ್ಲಾಸ್, ನಂಬರ್ ಒನ್ ಅನ್ನುವ ಮಾತುಗಳಿಗೆ ಜಾಗ ಹಾಳು ಮಾಡಬೇಡಿ. ಪರ್ಚೇಸ್‌ನವರು ಅದನ್ನು ಓದುವುದೂ ಇಲ್ಲ. ಟಾಲರೆನ್ಸ್ ಎಷ್ಟು ಹಿಡಿಯುತ್ತೀರಿ, ಎಷ್ಟು ದಿನದಲ್ಲಿ ಸ್ಯಾಂಪಲ್ ಕೊಡುತ್ತೀರಿ, ಅದು ಬರೆಯಿರಿ. ಫೋನ್ ನಂಬರನ್ನು ಜಾಹೀರಾತಿನ ಜೊತೆಯಲ್ಲೇ ಕಾಣುವ ಕಾಲ್ ಎಕ್ಸ್‌ಟೆನ್ಷನ್ ಆಗಿ ಸೇರಿಸಿ.

ಕ್ಲಿಕ್ ಮಾಡಿದವರು ಬಂದು ಇಳಿಯುವ ಪುಟ ಹೋಮ್ ಪೇಜ್ ಆಗಬಾರದು. ಸಂಸ್ಥಾಪಕರ ಫೋಟೊ, ನಮ್ಮ ವಿಷನ್, ನಮ್ಮ ಮಿಷನ್ ನೋಡಲು ಯಾರೂ ಬಂದಿಲ್ಲ. ಟರ್ನಿಂಗ್ ಕೇಳಿದವರಿಗೆ ಟರ್ನಿಂಗ್ ಪುಟ. ಅದರಲ್ಲಿ ಮಷಿನ್‌ಗಳ ಪಟ್ಟಿ, ಎಷ್ಟು ದೊಡ್ಡ ವ್ಯಾಸದವರೆಗೆ ತಿರುವಬಹುದು, ಮಾಡಿದ ಪೀಸ್‌ಗಳ ನಿಜವಾದ ಫೋಟೊ, ಡ್ರಾಯಿಂಗ್ ಅಪ್‌ಲೋಡ್ ಮಾಡುವ ಫಾರ್ಮ್, ವಾಟ್ಸ್ಆ್ಯಪ್ ಬಟನ್. ಅಷ್ಟೇ ಸಾಕು.

ಜಾಹೀರಾತು ಕಳಿಸಿದ ಮೇಲೆ ಅವರು ಪರಿಶೀಲಿಸುತ್ತಾರೆ, ಸಾಮಾನ್ಯವಾಗಿ ಒಂದು ಕೆಲಸದ ದಿನದೊಳಗೆ ಮುಗಿಯುತ್ತದೆ. ಬಂತೋ ಇಲ್ಲವೋ ಅಂತ ನೀವೇ ಬಿಂಗ್‌ನಲ್ಲಿ ಹುಡುಕಿ ಹುಡುಕಿ ನೋಡಬೇಡಿ. ಕ್ಲಿಕ್ ಮಾಡದೆ ಸುಮ್ನೆ ನೋಡುತ್ತಿದ್ದರೆ ಈ ಜಾಹೀರಾತು ಯಾರಿಗೂ ಬೇಡ ಅನ್ನುವ ಲೆಕ್ಕ ಬೀಳುತ್ತದೆ. ಟೂಲ್ಸ್‌ನಲ್ಲಿ ಆ್ಯಡ್ ಪ್ರಿವ್ಯೂ ಇದೆ, ಅದರಲ್ಲಿ ನೋಡಿ.

ಎನ್‌ಕ್ವೈರಿ ಎಣಿಸುವ ವ್ಯವಸ್ಥೆ

ಎಷ್ಟು ಕ್ಲಿಕ್ ಬಂತು ಅನ್ನುವುದನ್ನು ಅವರೇ ಹೇಳುತ್ತಾರೆ. ಆ ಕ್ಲಿಕ್‌ನಿಂದ ಏನಾಯಿತು ಅನ್ನುವುದನ್ನು ತಿಳಿಯಲು ಯುಇಟಿ ಟ್ಯಾಗ್ ಅನ್ನುವ ಸಣ್ಣ ಕೋಡನ್ನು ವೆಬ್‌ಸೈಟಿಗೆ ಹಾಕಬೇಕು. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಕಳಿಸಿದರೆ ಅವರು ಹಾಕಿಕೊಡುತ್ತಾರೆ, ದೊಡ್ಡ ಕೆಲಸವೇನಲ್ಲ. ಆಮೇಲೆ ಕನ್ವರ್ಷನ್ ಗೋಲ್ ಅಂತ ಮಾಡಿ. ಫಾರ್ಮ್ ಕಳಿಸಿದ ಮೇಲೆ ಬರುವ ಥ್ಯಾಂಕ್ ಯೂ ಪುಟ ಒಂದು ಗೋಲ್, ವಾಟ್ಸ್ಆ್ಯಪ್ ಬಟನ್ ಒತ್ತಿದ್ದು ಇನ್ನೊಂದು. ಪುಟದಲ್ಲಿ ಎಷ್ಟು ಹೊತ್ತು ಇದ್ದರು ಅನ್ನುವುದನ್ನೂ ಗೋಲ್ ಮಾಡಬಹುದು, ಆದರೆ ಮಾಡಬೇಡಿ. ಹೊತ್ತು ಕಳೆದವರೆಲ್ಲ ಗಿರಾಕಿಗಳಲ್ಲ.

ಇದರ ಜೊತೆ ಮೈಕ್ರೋಸಾಫ್ಟ್ ಕ್ಲ್ಯಾರಿಟಿ ಅನ್ನುವ ಉಚಿತ ಸಾಧನ ಇದೆ. ಪುಟಕ್ಕೆ ಬಂದವರು ಎಲ್ಲಿ ಒತ್ತಿದರು, ಎಲ್ಲಿಯವರೆಗೆ ಇಳಿದು ನೋಡಿದರು, ಎಲ್ಲಿ ಬಿಟ್ಟು ಹೋದರು ಅನ್ನುವುದು ವಿಡಿಯೊ ಥರ ಕಾಣುತ್ತದೆ. ಜನ ಫಾರ್ಮ್‌ವರೆಗೆ ಬಂದು, ಹತ್ತು ಖಾನೆ ತುಂಬಬೇಕು ಅಂತ ನೋಡಿ ವಾಪಸ್ ಹೋಗುವುದನ್ನು ಕಣ್ಣಾರೆ ಕಂಡ ಮೇಲೆ ನೀವೇ ಖಾನೆಗಳನ್ನು ಕಡಿಮೆ ಮಾಡುತ್ತೀರಿ.

ಇಷ್ಟೆಲ್ಲ ಮಾಡಿದರೂ ಫೋನ್ ಕರೆ ಲೆಕ್ಕಕ್ಕೆ ಸಿಗದೆ ಹೋಗಬಹುದು. ಪರ್ಚೇಸ್‌ನವರು ಕಂಪ್ಯೂಟರ್‌ನಲ್ಲಿ ನಂಬರ್ ನೋಡಿ ಮೇಜಿನ ಮೇಲಿನ ಫೋನಿನಿಂದ ಡಯಲ್ ಮಾಡುತ್ತಾರೆ. ಅದಕ್ಕೆ ಆಫೀಸಿನಲ್ಲಿ ಒಂದು ನೋಟ್‌ಬುಕ್ ಇಡಿ. ಕರೆ ತೆಗೆದವರು "ನಮ್ಮ ನಂಬರ್ ಎಲ್ಲಿ ಸಿಕ್ಕಿತು ಸರ್?" ಅಂತ ಕೇಳಿ ಬರೆದುಕೊಳ್ಳಲಿ. "ಗೂಗಲ್‌ನಲ್ಲಿ" ಅನ್ನುವವರಲ್ಲಿ ಕೆಲವರು ಬಿಂಗ್‌ನಲ್ಲೇ ನೋಡಿರುತ್ತಾರೆ, ಹುಡುಕುವುದಕ್ಕೆಲ್ಲ ಗೂಗಲ್ ಅನ್ನುವುದು ರೂಢಿ. ಜಾಹೀರಾತಿನ ಪುಟದಲ್ಲಿ ಮಾತ್ರ ಒಂದು ಬೇರೆ ನಂಬರ್ ಹಾಕಿದರೆ ಈ ಗೊಂದಲವೇ ಇರುವುದಿಲ್ಲ.

ವಾರಕ್ಕೊಮ್ಮೆ ಏನು ನೋಡಬೇಕು?

ದಿನಕ್ಕೆ ನಾಲ್ಕು ಸಲ ತೆರೆದು ನೋಡುವ ಚಟ ಬೇಡ. ವಾರಕ್ಕೊಮ್ಮೆ ಕೂತು ಸರ್ಚ್ ಟರ್ಮ್ಸ್ ರಿಪೋರ್ಟ್ ತೆರೆಯಿರಿ. ನೀವು ಹಾಕಿದ ಕೀವರ್ಡ್ ಬೇರೆ, ಜನ ನಿಜವಾಗಿ ಟೈಪ್ ಮಾಡಿದ್ದು ಬೇರೆ. ಆ ಟೈಪ್ ಮಾಡಿದ್ದು ಇಲ್ಲಿ ಕಾಣುತ್ತದೆ. ಸಂಬಂಧ ಇಲ್ಲದ್ದನ್ನು ನೆಗೆಟಿವ್ ಪಟ್ಟಿಗೆ ತಳ್ಳಿ. ಚೆನ್ನಾಗಿರುವುದನ್ನು ಎಕ್ಸಾಕ್ಟ್ ಕೀವರ್ಡ್ ಮಾಡಿ ಸೇರಿಸಿ. ನೀವು ಊಹಿಸದ ಗಿರಾಕಿಗಳೂ ಇಲ್ಲೇ ಸಿಗುತ್ತಾರೆ. "ಎಸ್‌ಎಸ್ ಶಾಫ್ಟ್ ಫಾರ್ ಪಂಪ್" ಅಂತ ಮೂರು ನಾಲ್ಕು ಸಲ ಕಂಡರೆ, ಪಂಪ್ ಶಾಫ್ಟ್‌ಗೆ ಅಂತಲೇ ಒಂದು ಪುಟ ಮಾಡುವುದು ಒಳ್ಳೆಯದು.

ಕೀವರ್ಡ್ ಪಕ್ಕದಲ್ಲಿ ಕ್ವಾಲಿಟಿ ಸ್ಕೋರ್ ಅಂತ 1ರಿಂದ 10ರವರೆಗೆ ಅಂಕ ಇರುತ್ತದೆ. ಕಡಿಮೆ ಇದ್ದರೆ ಜಾಹೀರಾತಿನ ಮಾತೂ ಪುಟದ ಮಾತೂ ಕೀವರ್ಡ್‌ಗೆ ಹೊಂದುತ್ತಿಲ್ಲ ಅಂತ ಅರ್ಥ. ಹತ್ತಕ್ಕೆ ಹತ್ತು ತೆಗೆಯುವ ಹಠ ಬೇಕಿಲ್ಲ. ಎನ್‌ಕ್ವೈರಿ ಬರುತ್ತಿದ್ದರೆ ಆರು ಏಳು ಇದ್ದರೂ ನಡೆಯುತ್ತದೆ.

ಮೊದಲ ವಾರ ಕ್ಲಿಕ್ಕೇ ಬರದೆ ಇರಬಹುದು. ಬಿಂಗ್‌ನಲ್ಲಿ ಇದು ಮಾಮೂಲು. ಆಗ ಮೊದಲು ಬಿಡ್ ಮಿತಿ ಸ್ವಲ್ಪ ಏರಿಸಿ ನೋಡಿ, ಆಮೇಲೆ ಕೀವರ್ಡ್ ಸೇರಿಸಿ, ಆಮೇಲೆ ಊರು ಸೇರಿಸಿ. ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಮುಚ್ಚಿಟ್ಟ ಪಾರ್ಟ್‌ನರ್ ತಾಣಗಳನ್ನು ತೆರೆಯುವುದು ಕೊನೆಯ ದಾರಿ, ಅದೂ ಒಂದು ವಾರದ ಮಟ್ಟಿಗೆ.

ತಿಂಗಳಾದ ಮೇಲೆ ಆ ಪೇಪರ್ ತೆಗೆಯಿರಿ. ಎನ್‌ಕ್ವೈರಿಗೆ ₹1,000 ಅಂದುಕೊಂಡಿದ್ದು ₹1,500 ಆಗಿದ್ದರೆ ಇನ್ನೊಂದು ತಿಂಗಳು ನೋಡಬಹುದು. ₹9,000 ಹೋಗಿ ಒಂದೂ ಎನ್‌ಕ್ವೈರಿ ಇಲ್ಲದಿದ್ದರೆ ಮೊದಲು ಪುಟ ಸರಿಯಿದೆಯಾ, ಫೋನ್ ಯಾರಾದರೂ ತೆಗೆಯುತ್ತಿದ್ದಾರಾ ಅಂತ ನೋಡಿ. ಅವೆರಡೂ ಸರಿಯಿದ್ದರೆ ಕ್ಯಾಂಪೇನ್ ನಿಲ್ಲಿಸಿಬಿಡಿ. ನಿಮ್ಮ ಗಿರಾಕಿ ಅಲ್ಲಿ ಇಲ್ಲ.

ಲೆಕ್ಕ ಕೂಡಿ ಬಂದು, ಹೊರದೇಶದ ಆರ್ಡರ್ ಕಡೆಗೂ ಕಣ್ಣಿದ್ದರೆ ಅದಕ್ಕೆ ಬೇರೆಯೇ ಕ್ಯಾಂಪೇನ್ ಮಾಡಿ. ಬೆಂಗಳೂರಿನ ಬಜೆಟ್ಟಿಗೆ ಅಮೆರಿಕವನ್ನು ಸೇರಿಸಬೇಡಿ, ಇಡೀ ದುಡ್ಡು ಆ ಕಡೆಗೇ ಹರಿದುಹೋಗಬಹುದು. 2016ರಲ್ಲಿ ಮೈಕ್ರೋಸಾಫ್ಟ್ ಲಿಂಕ್ಡ್‌ಇನ್ ಕೊಂಡುಕೊಂಡಿದ್ದರಿಂದ ಒಂದು ಅನುಕೂಲ ಆಗಿದೆ. ಅಮೆರಿಕ, ಕೆನಡಾ, ಬ್ರಿಟನ್‌ನಂಥ ದೇಶಗಳಿಗೆ ಜಾಹೀರಾತು ಕೊಡುವಾಗ, ನೋಡುವವರು ಯಾವ ಉದ್ಯಮದವರು, ಯಾವ ವಿಭಾಗದಲ್ಲಿ ಕೆಲಸ ಮಾಡುತ್ತಾರೆ ಅನ್ನುವುದರ ಮೇಲೆ ಬಿಡ್ ಏರಿಸಬಹುದು. ಉತ್ಪಾದನಾ ಕಂಪನಿಯ ಪರ್ಚೇಸ್ ವಿಭಾಗದವರಿಗೆ 20% ಜಾಸ್ತಿ ಅಂತ ಹಾಕಿ ನೋಡಿ. ಆದರೆ ಅಲ್ಲಿ ಒಂದೊಂದು ಕ್ಲಿಕ್ಕಿಗೂ ಡಾಲರ್‌ಗಳ ಪೈಪೋಟಿ ಇರುತ್ತದೆ. ದಿನಕ್ಕೆ ₹300 ಇಟ್ಟುಕೊಂಡು ಅತ್ತ ಹೊರಡಬೇಡಿ, ಪೇಪರ್ ತೆಗೆದು ಹೊಸದಾಗಿ ಲೆಕ್ಕ ಹಾಕಿ.